ಹದಿಮೂರು ಅಕ್ಷರದ ಕಲ್ಲು

ಜೂನ್ ತಿಂಗಳ ಸಂಜೆ. ಗಡಿಯಾರ ಎಂಟು ದಾಟಿದೆ, ಬಿಸಿಲಿಗೆ ಮನೆಗೆ ಹೋಗುವ ಅವಸರ ಮಾತ್ರ ಕಾಣುವುದಿಲ್ಲ. ಸ್ಕಾಟ್ಲೆಂಡಿನ ಈಶಾನ್ಯ ಮೂಲೆಯ ಇನ್ವರೂರಿ ಎಂಬ ಊರಿನ ಹೊರ ಅಂಚಿನ ಬಡಾವಣೆಯಲ್ಲಿ ಯಾರೋ ಹುಲ್ಲು ಕತ್ತರಿಸುವ ಯಂತ್ರ ನಡೆಸುತ್ತಿದ್ದಾರೆ. ಅದರ ಗುರುಗುರು ನಿಂತಾಗಲೆಲ್ಲ ಹಸಿ ಹುಲ್ಲಿನ ವಾಸನೆ ಇಷ್ಟಿಷ್ಟಾಗಿ ತೇಲಿ ಬರುತ್ತದೆ. ಒಂದು ಹಿತ್ತಿಲಲ್ಲಿ ಕೆಂಡದ ಮೇಲೆ ಏನೋ ಸುಡುತ್ತಿರುವ ಹೊಗೆ, ಇನ್ನೊಂದರಲ್ಲಿ ಒಣಹಾಕಿದ ಬಟ್ಟೆಯನ್ನು ಪಟಪಟ ಬಡಿಯುವ ಗಾಳಿ. ಇಬ್ಬರು ಹುಡುಗರು ಸೈಕಲ್ಲಿನಲ್ಲಿ ಬೀದಿಯ ಈ ತುದಿಯಿಂದ ಆ ತುದಿಗೆ ಸುತ್ತು ಹೊಡೆಯುತ್ತಿದ್ದಾರೆ. ತಲೆಯ ಮೇಲೆ ಕಪ್ಪು-ಬಿಳಿ ಮೈಯ, ಕಿತ್ತಳೆ ಕೊಕ್ಕಿನ ಆಯ್ಸ್ಟರ್‌ಕ್ಯಾಚರ್ ಹಕ್ಕಿಯೊಂದು ‘ಪೀಪ್ ಪೀಪ್’ ಎಂದು ಕೂಗುತ್ತ ಹಾದುಹೋಗುತ್ತದೆ. ಕಡಲಂಚಿನ ಹಕ್ಕಿ ಅದು. ಈ ಸೀಮೆಯಲ್ಲಾದರೋ ಕಟ್ಟಡಗಳ ಮಟ್ಟಸ ಚಾವಣಿಯ ಮೇಲೆ ಹರಳು ಹಾಸಿದ್ದು ಕಂಡರೆ ಸಾಕು, ಅಲ್ಲೇ ಮೊಟ್ಟೆಯಿಟ್ಟು ಸಂಸಾರ ಹೂಡಿಬಿಡುತ್ತದೆ.

ಇಂಥ ಬೀದಿಯ ಮಗ್ಗುಲಲ್ಲಿ, ಮನೆಗಳ ನಡುವೆ ಬಿಟ್ಟ ಹುಲ್ಲಿನ ತುಂಡು ಜಾಗದಲ್ಲಿ, ಒಂದು ಕಲ್ಲು ನಿಂತಿದೆ. ಆಳೆತ್ತರವೂ ಇಲ್ಲ. ದಪ್ಪ ಮೈಯ, ಬೂದುಗಪ್ಪಿನ ಬಂಡೆ. ದೂರದಿಂದ ನೋಡಿದವರು ಬಡಾವಣೆ ಕಟ್ಟುವಾಗ ಎತ್ತಲಾರದೆ ಹಾಗೇ ಬಿಟ್ಟ ಗುಂಡು ಎಂದುಕೊಂಡು ಮುಂದೆ ಹೋದಾರು. ಹತ್ತಿರ ಬನ್ನಿ. ಕಲ್ಲಿನ ಮೈತುಂಬ ಬಿರುಕು. ಬಿರುಕು ಎಂದರೆ ಬಿಸಿಲು-ಮಳೆಗೆ ಬಿಟ್ಟದ್ದಲ್ಲ, ಒಡೆದ ಮಡಕೆಯ ಬೋಕಿಗಳನ್ನು ಒಂದಕ್ಕೊಂದು ಹೊಂದಿಸಿ ಅಂಟಿಸಿದರೆ ಉಳಿಯುತ್ತದಲ್ಲ, ಆ ಬಗೆಯ ಗೆರೆಗಳು. ಒಂದು ಕಾಲಕ್ಕೆ ಇದು ಚೂರು ಚೂರಾಗಿತ್ತು. ಈಗ ಚೂರುಗಳು ಒಟ್ಟುಗೂಡಿ ಮತ್ತೆ ಒಂದು ಕಲ್ಲಾಗಿ ನಿಂತಿವೆ. ಹೆಸರು ಬ್ರ್ಯಾಂಡ್ಸ್‌ಬಟ್ ಕಲ್ಲು. ಬಡಾವಣೆ ಬರುವ ಮೊದಲು ಇಲ್ಲಿದ್ದ ಹೊಲಮನೆಯ ಹೆಸರೇ ಅದಕ್ಕೂ ಅಂಟಿಕೊಂಡಿದೆ.

ನಡುಹಗಲಲ್ಲಿ ಬಂದರೆ ಈ ಕಲ್ಲು ಏನನ್ನೂ ಹೇಳುವುದಿಲ್ಲ. ನೆತ್ತಿಯ ಬೆಳಕು ಕೆತ್ತನೆಯ ಗೆರೆಗಳನ್ನೆಲ್ಲ ತುಂಬಿ ಮುಚ್ಚಿಬಿಡುತ್ತದೆ. ಹಾಗಾಗಿ ನಾನು ಕತ್ತಲಾಗುವುದನ್ನೇ ಕಾಯುತ್ತಿದ್ದೇನೆ, ಕಿಸೆಯಲ್ಲಿ ಒಂದು ಟಾರ್ಚು ಇದೆ. ಇಲ್ಲಿನವರು ‘ಗ್ಲೋಮಿಂಗ್’ ಎಂದು ಕರೆಯುವ ಉದ್ದನೆಯ ಮುಸ್ಸಂಜೆ ಬರಲು ಇನ್ನೂ ಒಂದೂವರೆ ತಾಸಾದರೂ ಬೇಕು. ಅಲ್ಲಿಯವರೆಗೆ ಕಣ್ಣಿಗೆ ದಕ್ಕಿದಷ್ಟನ್ನು ನೋಡಬಹುದು.

ಮೊದಲು ಕಾಣುವುದು ಅರ್ಧಚಂದ್ರ. ತುದಿಗಳು ಕೆಳಮುಖವಾದ, ಕವುಚಿಹಾಕಿದ ಬಟ್ಟಲಿನಂಥ ಚಂದ್ರ. ಅದನ್ನು ಹಾಯ್ದು ಒಂದು ಕೋಲು ನಡುವೆ ಮುರಿದು, ಇಂಗ್ಲಿಷಿನ ವಿ ಅಕ್ಷರದ ಹಾಗೆ ಮಡಚಿಕೊಂಡಿದೆ. ಕೋಲಿನ ತುದಿಗಳಿಗೆ ಅಲಂಕಾರ. ಮುರಿದ ಬಾಣವೆಂದರೆ ಬಾಣ, ಚಿಗುರಿದ ಕಡ್ಡಿಯೆಂದರೆ ಕಡ್ಡಿ. ಅದರ ಕೆಳಗೆ ಹಾವು. ಬಳುಕಿ, ಮಡಿಸಿ, ತಲೆ ತಿರುವಿಕೊಂಡ ಹಾವು. ಅದರ ಬೆನ್ನಿಗೂ ಹೀಗೇ ಮುರಿದ ಕೋಲು ಹೆಣೆದುಕೊಂಡಿದೆ. ಇದು ಮುರಿದಿರುವುದು ಎರಡು ಕಡೆ, ಜೆಡ್ ಅಕ್ಷರದಂತೆ. ಹಾವು ಕಂಡರೆ ಹಾವೇ ಎಂದು ಯಾರಾದರೂ ಹೇಳಬಹುದು. ಅಷ್ಟು ಖಚಿತವಾದ ಗೆರೆ. ಕೈ ನಡುಗಿಲ್ಲ, ಅಳತೆ ತಪ್ಪಿಲ್ಲ, ಎಲ್ಲಿ ದಪ್ಪವಾಗಬೇಕೋ ಅಲ್ಲಿ ದಪ್ಪ, ಬಾಲದತ್ತ ಸಣ್ಣ. ಕೆತ್ತಿದವನು ಈ ಹಾವನ್ನು ಮೊದಲ ಸಲ ಬರೆಯುತ್ತಿರಲಿಲ್ಲ ಎಂಬುದು ಆ ಗೆರೆಯ ನಡಿಗೆಯಲ್ಲೇ ಗೊತ್ತಾಗುತ್ತದೆ.

ಅವನ ಕೆಲಸದ ಸದ್ದನ್ನು ಊಹಿಸಿಕೊಳ್ಳಲು ಯತ್ನಿಸುತ್ತೇನೆ. ಇದು ಮರಳುಗಲ್ಲಿನಂತೆ ಮೆತ್ತಗೆ ಒಪ್ಪಿಕೊಳ್ಳುವ ಕಲ್ಲಲ್ಲ. ಇಲ್ಲಿನವರು ವಿನ್‌ಸ್ಟೋನ್ ಎನ್ನುವ, ಉಳಿಗೆ ಸುಲಭಕ್ಕೆ ಬಗ್ಗದ ಜಾತಿ. ಉಳಿಯನ್ನು ಓರೆಯಾಗಿ ಹಿಡಿದು ಸೀಳುತ್ತೇನೆಂದರೆ ಆಗದು. ಮೊನಚು ತುದಿಯನ್ನು ನೆಟ್ಟಗಿಟ್ಟು ಟಕ್ ಟಕ್ ಎಂದು ಕುಟ್ಟಬೇಕು. ಒಂದು ಏಟಿಗೆ ಎಳ್ಳಿನಷ್ಟು ಪುಡಿ ಹಾರುತ್ತದೆ. ಚುಕ್ಕಿಯ ಪಕ್ಕ ಚುಕ್ಕಿ, ಚುಕ್ಕಿಯ ಪಕ್ಕ ಚುಕ್ಕಿ, ಹೀಗೆ ಸಾಲು ಹಿಡಿದು ಹೋಗಿ ಆಮೇಲೆ ಚುಕ್ಕಿಗಳ ನಡುವಿನ ಅಡ್ಡಿಗಳನ್ನು ಉಜ್ಜಿ ಉಜ್ಜಿ ಒಂದೇ ಗೆರೆಯಾಗಿಸಬೇಕು. ಹಿಂದೆ ಈ ಸೀಮೆಯಲ್ಲಿ ಬಾಳಿ ಇಂಥ ಕಲ್ಲುಗಳನ್ನು ಕೆತ್ತಿದ ಪಿಕ್ಟ್ ಜನರ ಅನೇಕ ಕಲ್ಲುಗಳಲ್ಲಿ ಇಂಥ ಕುಟ್ಟಿದ ಗುಳಿಗಳ ಗುರುತು ಇಂದಿಗೂ ಉಳಿದಿದೆ. ಒಂದು ಚಂದ್ರ, ಒಂದು ಹಾವು, ಎರಡು ಕೋಲು. ಎಷ್ಟು ಸಾವಿರ ಏಟು? ಮಧ್ಯೆ ಮಧ್ಯೆ ನಿಂತು ಕಣ್ಣಿಗೆ ಬಿದ್ದ ಪುಡಿ ಒರೆಸಿಕೊಂಡಿರಬೇಕು, ಮೊನೆ ಬಡ್ಡಾದಾಗ ಕುಲುಮೆಯವನ ಬಳಿ ಹೋಗಿ ಬಂದಿರಬೇಕು, ಮಳೆ ಬಂದಾಗ ಶಪಿಸಿರಬೇಕು. ಈ ಸೀಮೆಯಲ್ಲಿ ಮಳೆ ಬರದ ವಾರವೇ ಕಡಿಮೆ.

ಅವನು ಯಾವ ಮಾತಿನಲ್ಲಿ ಶಪಿಸಿದ ಎಂಬಲ್ಲಿಂದ ಕಥೆ ಶುರು.

ಈ ಮಧ್ಯಾಹ್ನ ಅಬರ್ಡೀನಿನಿಂದ ರೈಲಿನಲ್ಲಿ ಬಂದೆ. ಅರ್ಧ ತಾಸಿನೊಳಗಿನ ಹಾದಿ. ಕಿಟಕಿಯಾಚೆ ಡಾನ್ ನದಿ ಆಗೊಮ್ಮೆ ಈಗೊಮ್ಮೆ ಮಿನುಗುತ್ತದೆ, ಬಾರ್ಲಿಯ ಹೊಲಗಳು ಗಾಳಿಗೆ ರೇಷ್ಮೆ ಸೀರೆಯ ಹಾಗೆ ಬಣ್ಣ ಬದಲಿಸುತ್ತವೆ, ಕಪ್ಪು ದನಗಳು ತಲೆ ಎತ್ತದೆ ಮೇಯುತ್ತಿರುತ್ತವೆ. ದಿಗಂತದಲ್ಲಿ ಬೆನಹೀ ಬೆಟ್ಟದ ಸಾಲು. ಅದರಲ್ಲಿ ಮಿದರ್ ಟ್ಯಾಪ್ ಎಂಬ 518 ಮೀಟರಿನ ಬೋಳು ತಲೆಯ ಶಿಖರ ದಾರಿಯುದ್ದಕ್ಕೂ ಜೊತೆಗೇ ಬರುತ್ತದೆ. ಆ ನೆತ್ತಿಯ ಮೇಲೂ ಪಿಕ್ಟರ ಕಾಲದ ಕೋಟೆಯ ಕಲ್ಲುಗಳು ಜರಿದು ಬಿದ್ದಿವೆ. ಅಬರ್ಡೀನ್ ಎಂಬ ಹೆಸರಿನ ‘ಅಬರ್’ಗೆ ನದಿ ಕೂಡುವ ಬಾಯಿ ಎಂದರ್ಥ. ಇನ್ವರೂರಿಯ ‘ಇನ್ವರ್’ಗೂ ಅರ್ಥ ಅದೇ. ಯೂರಿ ಎಂಬ ಸಣ್ಣ ಹೊಳೆ ಡಾನ್ ನದಿಗೆ ಬಂದು ಕೂಡುವ ಜಾಗ ಇದು. ಅರ್ಥ ಒಂದೇ, ಭಾಷೆ ಬೇರೆ. ಅಬರ್ ಎಂಬುದು ಮೊದಲು ಇಲ್ಲಿದ್ದ ಪಿಕ್ಟರ ಮಾತಿನ ಕಡೆಯದು, ಇನ್ವರ್ ಎಂಬುದು ಆಮೇಲೆ ಪಶ್ಚಿಮದಿಂದ ಬಂದ ಗೇಲಿಕ್. ಟಿಕೆಟ್ ತೋರಿಸಿ ಕಿಟಕಿ ಪಕ್ಕ ಕೂತವರು ಒಂದು ಭಾಷೆ ಮುಗಿದು ಇನ್ನೊಂದು ತೊಡಗಿದ ಗಡಿಯನ್ನು ಗೊತ್ತಿಲ್ಲದೆಯೇ ದಾಟಿಬಿಡುತ್ತಾರೆ.

ಈ ಸೀಮೆಗೆ ಗೀರಿ ಎಂದು ಹೆಸರು. ಬರೆಯುವುದು ಬೇರೆ ಥರ, ಬಾಯಲ್ಲಿ ಹೇಳುವುದು ಗೀರಿ ಎಂದೇ. ಕಲ್ಲಿನ ಮೇಲೆ ಗೀರಿದ ಅಕ್ಷರ ನೋಡಲು ಬಂದ ಕನ್ನಡದ ಕಿವಿಗೆ ಆ ಹೆಸರು ಕೇಳಿ ಹಿತವಾಯಿತು.

ಪಿಕ್ಟರು ತಮ್ಮ ಬಗ್ಗೆ ಒಂದು ಪುಸ್ತಕವನ್ನೂ ಬಿಟ್ಟುಹೋಗಲಿಲ್ಲ. ಇರುವುದು ಕೆಲವು ರಾಜರ ಹೆಸರುಗಳ ಪಟ್ಟಿ, ಅದೂ ಬೇರೆಯವರ ಕೈಯಲ್ಲಿ ನಕಲಾಗಿ ಉಳಿದದ್ದು. ಉಳಿದಂತೆ ಅವರ ಸುದ್ದಿಯೆಲ್ಲ ನೆರೆಯವರ, ಹಗೆಯವರ ಬಾಯಿಂದ. ‘ಪಿಕ್ಟಿ’ ಎಂಬ ಹೆಸರು ಬರಹದಲ್ಲಿ ಮೊದಲು ಕಾಣುವುದು ಕ್ರಿ.ಶ. 297ರಲ್ಲಿ, ರೋಮನ್ನರ ಹೊಗಳಿಕೆಯ ಭಾಷಣವೊಂದರಲ್ಲಿ. ಬಣ್ಣ ಬಳಿದುಕೊಂಡವರು ಎಂದು ಅದಕ್ಕೆ ಲ್ಯಾಟಿನ್ನಿನಲ್ಲಿ ಅರ್ಥ ಹಚ್ಚುತ್ತಾರೆ. ಗಡಿಯ ಆಚೆಯವರಿಗೆ ಸೈನಿಕರು ಇಟ್ಟ ಅಡ್ಡಹೆಸರೇ ಇದ್ದೀತು. ನಮ್ಮ ಕೈಗೆ ಸಿಕ್ಕಿರುವುದು ಅದೇ. ಏಳನೆಯ ಶತಮಾನದ ಕೊನೆಯಲ್ಲಿ ಅಯೋನಾ ದ್ವೀಪದ ಮಠಾಧಿಪತಿ ಅಡಾಮ್ನಾನ್, ಸಂತ ಕೊಲಂಬನ ಜೀವನ ಬರೆಯುತ್ತ, ಐರ್ಲೆಂಡಿನಿಂದ ಬಂದ ಆ ಸಂತ ಪಿಕ್ಟರ ನಾಡಿನಲ್ಲಿ ದುಭಾಷಿಯನ್ನಿಟ್ಟುಕೊಂಡು ಉಪದೇಶ ಮಾಡಿದ್ದನ್ನು ಹೇಳುತ್ತಾನೆ. 731ರಲ್ಲಿ ತನ್ನ ಚರಿತ್ರೆಯನ್ನು ಮುಗಿಸಿದ ಬೀಡ್ ಎಂಬ ಸನ್ಯಾಸಿ, ಬ್ರಿಟನ್ನಿನಲ್ಲಿ ಐದು ಭಾಷೆಗಳಿವೆ ಎಂದು ಎಣಿಸಿ, ಪಿಕ್ಟರದ್ದನ್ನು ಬೇರೆಯಾಗಿಯೇ ಲೆಕ್ಕಕ್ಕೆ ಹಿಡಿದ. ರೋಮನ್ ಗೋಡೆಯ ತುದಿಯ ಊರೊಂದನ್ನು ಪಿಕ್ಟರು ‘ಪೆಯನ್‌ಫಾಹೆಲ್’ ಎನ್ನುತ್ತಾರೆ ಎಂದೂ ಬರೆದಿಟ್ಟ. ಇದು ಪಿಕ್ಟರ ಮಾತು ಎಂದು ಅವರ ಕಾಲದವರೇ ಬಾಯಿಬಿಟ್ಟು ಹೇಳಿದ ಪದಗಳನ್ನು ಹುಡುಕಿದರೆ ಕೈಗೆ ಬರುವುದು ಹೆಚ್ಚುಕಡಿಮೆ ಇದೊಂದೇ. ಒಂದು ಜನಾಂಗ ನೂರಾರು ವರ್ಷ ಆಡಿದ, ಜಗಳವಾಡಿದ, ಮಕ್ಕಳನ್ನು ಮಲಗಿಸಿದ ಭಾಷೆಯಿಂದ ಒಂದು ಊರಿನ ಹೆಸರು.

ಊರ ಹೆಸರುಗಳಲ್ಲಿ ಮಾತ್ರ ಅದು ಇನ್ನೂ ಉಸಿರಾಡುತ್ತಿದೆ. ಇಲ್ಲಿಂದ ಇನ್ನಷ್ಟು ಮುಂದೆ ಹೋದರೆ ಪಿಟ್‌ಕೇಪಲ್, ಅದರಾಚೆ ಪಿಟ್‌ಮಾಹಿ. ಪಿಟ್ ಎಂದರೆ ಜಮೀನಿನ ಪಾಲು, ಹಿಸ್ಸೆ. ಬಸ್ಸಿನ ಫಲಕದಲ್ಲಿ, ಅಂಚೆ ವಿಳಾಸದಲ್ಲಿ, ಹಾಲಿನ ಲಾರಿಯ ರಸೀದಿಯಲ್ಲಿ ಆ ಪಿಟ್ ದಿನವೂ ಓಡಾಡುತ್ತದೆ.

ಬಿಸಿಲು ಇಳಿಯುತ್ತಿದೆ. ಹುಲ್ಲಿನ ಯಂತ್ರ ನಿಂತಿತು. ಈಗ ದೂರದ ಹೊಲದಲ್ಲಿ ಕುರಿಗಳು ಮರಿಗಳನ್ನು ಕರೆಯುವುದು ಕೇಳಿಸುತ್ತದೆ. ದಿನವಿಡೀ ಥೇನ್‌ಸ್ಟೋನ್ ಜಾನುವಾರು ಸಂತೆಗೆ ಓಡಾಡುವ ಲಾರಿಗಳ ಸದ್ದೂ ಅಡಗಿದೆ.

ಈ ಕಲ್ಲನ್ನು ಒಡೆದದ್ದು ಯಾರು? ಅವನ ಹೆಸರು ಗೊತ್ತಿಲ್ಲ. ಗೊತ್ತಿದ್ದರೂ ಅವನ ಮೇಲೆ ಸಿಟ್ಟಾಗಲು ನನಗೆ ಮನಸ್ಸಿಲ್ಲ. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಬ್ರ್ಯಾಂಡ್ಸ್‌ಬಟ್‌ನ ಈ ಬಂಡೆ ಚೂರಾಗಿ ಹೊಲದ ಗೋಡೆ ಸೇರಿತ್ತು. ಅಬರ್ಡೀನಿನ ಸುತ್ತಿನ ನೆಲವನ್ನು ನೋಡಿದವರಿಗೆ ಅದರ ಕಾರಣ ಬೇರೆ ಹೇಳಬೇಕಾಗಿಲ್ಲ. ಹಿಮಯುಗದ ಬರ್ಫದ ಹೊಳೆಗಳು ಕರಗಿ ಹಿಂದೆ ಸರಿದಾಗ ಬಿಟ್ಟುಹೋದ ಗುಂಡುಗಳು ನೆಲದ ತುಂಬ. ನೇಗಿಲು ಹೂಡಿದರೆ ಕಲ್ಲು, ಗುದ್ದಲಿ ಹಾಕಿದರೆ ಕಲ್ಲು. ಒಂದು ಹೊಲ ಮಾಡಬೇಕೆಂದರೆ ಅಪ್ಪ, ಮಗ, ಮೊಮ್ಮಗ ಮೂರು ತಲೆಮಾರು ಕಲ್ಲು ಆರಿಸಬೇಕು. ಆರಿಸಿದ ಕಲ್ಲನ್ನು ಎಲ್ಲಿ ಹಾಕುವುದು? ಗೋಡೆ ಕಟ್ಟುವುದು. ಕಿಂಗ್ಸ್‌ವೆಲ್ಸ್ ಎಂಬಲ್ಲಿ ಹೀಗೆ ಆರಿಸಿದ ಕಲ್ಲು ಮುಗಿಸುವುದಕ್ಕೆಂದೇ ಕಟ್ಟಿದ ಗೋಡೆಯೊಂದಿದೆ. ಉದ್ದ ಸುಮಾರು ಅರ್ಧ ಕಿಲೊಮೀಟರ್, ಅಗಲ ಹತ್ತು ಮೀಟರಿನಷ್ಟು. ಅದರ ನೆತ್ತಿಯ ಮೇಲೆ ಜನ ನಡೆದಾಡಬಹುದು. ಗೋಡೆಯಿಂದ ಏನನ್ನೋ ಕಾಯುವುದಿತ್ತು ಎಂದಲ್ಲ, ಕಲ್ಲನ್ನು ನುಂಗುವ ಹೊಟ್ಟೆಯೊಂದು ಬೇಕಿತ್ತು.

ಇಲ್ಲಿನವರು ಇಂಥ ಗೋಡೆಗೆ ‘ಡೈಕ್’ ಎನ್ನುತ್ತಾರೆ, ಕಟ್ಟುವವನಿಗೆ ‘ಡೈಕರ್’, ಕಲ್ಲಿಗೆ ‘ಸ್ಟೀನ್’. ಗಾರೆಯಿಲ್ಲ, ಮಣ್ಣಿಲ್ಲ. ಕಲ್ಲಿನ ಭಾರವೇ ಕಲ್ಲನ್ನು ಹಿಡಿಯಬೇಕು. ಎರಡರ ಮೇಲೆ ಒಂದು, ಒಂದರ ಮೇಲೆ ಎರಡು, ಹೀಗೆ ಸಂದು ಕೂಡದಂತೆ ಎರಡು ಮೈಗಳನ್ನು ಏರಿಸುತ್ತ ಹೋಗುವುದು. ನಡುವಿನ ಟೊಳ್ಳಿಗೆ ಚಕ್ಕೆ-ಚೂರು ತುಂಬುವುದು. ಅದಕ್ಕೆ ‘ಹಾರ್ಟಿಂಗ್’ ಎನ್ನುತ್ತಾರೆ, ಗೋಡೆಯ ಗುಂಡಿಗೆ. ಕೈಗೆತ್ತಿಕೊಂಡ ಕಲ್ಲನ್ನು ಮತ್ತೆ ಕೆಳಗಿಡಬಾರದು, ಅದಕ್ಕೊಂದು ಜಾಗ ಹುಡುಕಲೇಬೇಕು ಎಂಬುದು ಡೈಕರ್‌ಗಳ ನೇಮ. ಅಂಥವನ ಕೈಗೆ ಈ ಬಂಡೆಯ ಚೂರೊಂದು ಬಂದಿದ್ದನ್ನು ನೆನೆಯಿರಿ. ಒಂದು ಮೈಯಲ್ಲಿ ಹಾವಿನ ಬೆನ್ನು. ಅವನು ಒಂದು ಕ್ಷಣ ಹೆಬ್ಬೆರಳಿನಿಂದ ಸವರಿರಬಹುದು, ಸವರದೆಯೂ ಇರಬಹುದು. ಚಪ್ಪಟೆ ಮೈ ಯಾವುದು, ಭಾರ ಎತ್ತ ವಾಲುತ್ತದೆ, ಎಲ್ಲಿ ಕೂರುತ್ತದೆ ಎಂಬುದಷ್ಟೇ ಅವನ ಲೆಕ್ಕ. ಕೂಲಿ ಗಜದ ಲೆಕ್ಕದಲ್ಲಿ ಬರುವವನಿಗೆ ಸಂಜೆಯೊಳಗೆ ಗಜ ಮುಗಿಯಬೇಕು.

ಈ ಕಲ್ಲಿನ ಪಕ್ಕದಲ್ಲೇ ಇದಕ್ಕಿಂತ ಎಷ್ಟೋ ಹಳೆಯದಾದ, ಸುಮಾರು 25 ಮೀಟರ್ ಅಡ್ಡಳತೆಯ ಕಲ್ಲುಗಳ ವೃತ್ತವೂ ಇತ್ತು. ಅದು ಪೂರ್ತಿ ಹೋಯಿತು. ಕೆತ್ತನೆಯಿದ್ದ ಬಂಡೆ ಮಾತ್ರ ಗೋಡೆಯ ಹೊಟ್ಟೆಯಲ್ಲಿ ಚೂರಾಗಿ ಉಳಿಯಿತು. ಗೋಡೆ ಕೆಡಹಿದ್ದನ್ನು ಗೋಡೆಯೇ ಕಾದಿತು ಎಂದು ಹೇಳಲು ನನಗೆ ಸಂಕೋಚವಿಲ್ಲ. ಬಯಲಲ್ಲಿ ಬಿದ್ದಿದ್ದರೆ ಆ ಚೂರುಗಳು ಎಂದೋ ರಸ್ತೆಗೆ ಜಲ್ಲಿಯಾಗುತ್ತಿದ್ದವು. ಹಳೆಯ ಕಲ್ಲುಗಳ ಹುಚ್ಚು ಹಿಡಿದವರು ಗೆರೆಯಿದ್ದ ತುಂಡುಗಳನ್ನು ಗುರುತಿಸಿದರು, ಒಂದೊಂದಾಗಿ ಬಿಡಿಸಿ ತಂದರು, ಈ ಗೆರೆಗೆ ಆ ಗೆರೆ ಕೂಡುತ್ತದೆಯೇ ಎಂದು ತಿರುಗಿಸಿ ತಿರುಗಿಸಿ ನೋಡಿ ಹೊಂದಿಸಿದರು. ಸ್ಕಾಟ್ಲೆಂಡಿನ ಇಂಥ ಕಲ್ಲುಗಳನ್ನೆಲ್ಲ ಒಂದೇ ಕಡೆ ತಂದ ಜೋಸೆಫ್ ಆಂಡರ್ಸನ್ ಮತ್ತು ರೊಮಿಲಿ ಆಲೆನ್ ಅವರ 1903ರ ಬೃಹತ್ ಗ್ರಂಥದಲ್ಲಿ ಬ್ರ್ಯಾಂಡ್ಸ್‌ಬಟ್‌ಗೂ ಜಾಗ ಸಿಕ್ಕಿತು. ಕಲ್ಲು ಹೀಗೆ ಮರಳಿ ಬರುವುದು ಇಂದಿಗೂ ನಿಂತಿಲ್ಲ. 2020ರಲ್ಲಿ ಇಲ್ಲಿಂದ ದಕ್ಷಿಣಕ್ಕೆ, ಆಂಗಸ್ ಸೀಮೆಯ ಅಬರ್ಲೆಮ್ನೊ ಎಂಬಲ್ಲಿ, ಅಬರ್ಡೀನ್ ವಿಶ್ವವಿದ್ಯಾಲಯದವರು ನೆಲದಾಳದ ಸಮೀಕ್ಷೆ ನಡೆಸುತ್ತಿದ್ದಾಗ ಹೊಲದಡಿಯಲ್ಲಿ 1.7 ಮೀಟರ್ ಉದ್ದದ ಕಲ್ಲೊಂದು ಸಿಕ್ಕಿತು. ಮೈಮೇಲೆ ಅರ್ಧಚಂದ್ರ, ಕನ್ನಡಿ, ಬಾಚಣಿಗೆ. ಹನ್ನೊಂದನೆಯದೋ ಹನ್ನೆರಡನೆಯದೋ ಶತಮಾನದಲ್ಲಿ ಯಾರೋ ಅದನ್ನು ಕಟ್ಟಡದ ನೆಲಹಾಸಿಗೆ ಹಾಕಿಬಿಟ್ಟಿದ್ದರು.

ಈ ಚಂದ್ರ, ಹಾವು, ಕನ್ನಡಿ, ಬಾಚಣಿಗೆಗಳ ಒಗಟು ಬೇರೆಯೇ. ಇನ್ನೂರಕ್ಕೂ ಹೆಚ್ಚು ಕಲ್ಲುಗಳ ಮೇಲೆ ಅವೇ ಚಿಹ್ನೆಗಳು ಮತ್ತೆ ಮತ್ತೆ ಬರುತ್ತವೆ, ಹೆಚ್ಚಾಗಿ ಜೋಡಿಯಾಗಿ. ಶೆಟ್ಲೆಂಡಿನಿಂದ ಫೋರ್ತ್ ನದಿಯವರೆಗೆ ಹರಡಿದ ನಾಡಿನಲ್ಲಿ ಎಲ್ಲರೂ ಒಪ್ಪಿಕೊಂಡ ಗುರುತುಗಳು ಅವು. ಜೋಡಿ ಎಂದರೆ ಒಬ್ಬರ ಹೆಸರು ಎಂದು ರಾಸ್ ಸ್ಯಾಮ್ಸನ್ 1992ರಲ್ಲಿ ವಾದಿಸಿದರು. ಕಲ್ಲು ನೋಡುತ್ತ ಕೂತಾಗ ನನಗೆ ಮನಸ್ಸಿಗೆ ಒಪ್ಪುವ ಊಹೆ ಅದೇ. 2010ರಲ್ಲಿ ರಾಬ್ ಲೀ ಮತ್ತು ಸಂಗಡಿಗರು ಚಿಹ್ನೆಗಳು ಒಂದರ ಹಿಂದೆ ಒಂದು ಬರುವ ಕ್ರಮವನ್ನು ಗಣಿತಕ್ಕೆ ಒಡ್ಡಿ, ಇದು ಬರಿಯ ಅಲಂಕಾರವಲ್ಲ, ಭಾಷೆಯ ಬರಹ ಎಂದರು. ಅದರ ಹಿಂದಿನ ವರ್ಷವಷ್ಟೇ ರಾಜೇಶ್ ರಾವ್, ಐರಾವತಂ ಮಹಾದೇವನ್ ಮತ್ತಿತರರು ಸಿಂಧೂ ಮುದ್ರೆಗಳ ಮೇಲೆ ಇದೇ ಬಗೆಯ ಲೆಕ್ಕ ನಡೆಸಿದ್ದರು. ಎರಡಕ್ಕೂ ರಿಚರ್ಡ್ ಸ್ಪ್ರೋಟ್ ಎಂಬ ಭಾಷಾವಿಜ್ಞಾನಿ ಆಕ್ಷೇಪ ಎತ್ತಿದರು. ಹರಪ್ಪದ ಗೂಳಿ ಮತ್ತು ಬ್ರ್ಯಾಂಡ್ಸ್‌ಬಟ್‌ನ ಹಾವು ಹೀಗೆ ಒಂದೇ ಕಟಕಟೆಯಲ್ಲಿ ನಿಂತವು. 2018ರ ಹೊತ್ತಿಗೆ ಗಾರ್ಡನ್ ನೋಬಲ್ ಮತ್ತು ಜೊತೆಗಾರರು ಸ್ಟೋನ್‌ಹೇವನ್ ಬಳಿಯ ಡನಿಕೇರ್ ಎಂಬ ಕಡಲ ಬಂಡೆಯ ನೆಲೆಯನ್ನು ಅಗೆದು, ಈ ಚಿಹ್ನೆಗಳ ಮೂಲ ಮೂರನೆಯ-ನಾಲ್ಕನೆಯ ಶತಮಾನಕ್ಕೇ ಹೋಗಬಹುದು ಎಂದು ತೋರಿಸಿದರು. ಅಷ್ಟು ಹಳೆಯದು, ಅಷ್ಟು ದಿನ ಬಾಳಿದ್ದು. ಓದಲು ಮಾತ್ರ ಬರುವುದಿಲ್ಲ.

ಆದರೆ ಈ ಕಲ್ಲಿನಲ್ಲಿ ಓದಬಹುದಾದದ್ದೂ ಇದೆ. ಅದಕ್ಕಾಗಿಯೇ ನಾನು ಬಂದದ್ದು.

ಹತ್ತೂ ಕಾಲಾಯಿತು. ಬಾನು ಇನ್ನೂ ಹಾಲು ಬೆರೆಸಿದ ನೀಲಿ. ಮನೆಗಳ ಕಿಟಕಿಯಲ್ಲಿ ಒಂದೊಂದೇ ದೀಪ ಹತ್ತುತ್ತಿದೆ. ಸೈಕಲ್ ಹುಡುಗರನ್ನು ಯಾರೋ ಬಾಗಿಲಿಂದ ಕರೆದು ಒಳಗೆ ಸೇರಿಸಿಕೊಂಡರು. ಇಬ್ಬನಿ ಇಳಿದು ಹುಲ್ಲು ಒದ್ದೆಯಾಗಿದೆ, ಮೊಣಕಾಲೂರಿ ಕೂತರೆ ಪ್ಯಾಂಟಿನೊಳಗೆ ತಂಪು ಇಳಿಯುತ್ತದೆ. ಟಾರ್ಚನ್ನು ಕಲ್ಲಿಗೆ ಒತ್ತಿದಂತೆ ಓರೆಯಾಗಿ ಹಿಡಿದೆ. ಇಷ್ಟು ಹೊತ್ತು ಬರಿಯ ಒರಟು ಎನಿಸಿದ್ದ ಎಡಗಡೆಯ ಮೈಯಲ್ಲಿ, ಹಾವು-ಚಂದ್ರರ ಪಕ್ಕದಲ್ಲಿ, ನೆರಳು ತುಂಬಿಕೊಂಡ ನೆಟ್ಟನೆಯ ಗೆರೆಯೊಂದು ಎದ್ದು ನಿಂತಿತು. ಗೆರೆಗೆ ಅಂಟಿಕೊಂಡು ಸಣ್ಣ ಸಣ್ಣ ಗೀರುಗಳು. ಮೀನಿನ ಬೆನ್ನುಮೂಳೆಯ ಹಾಗೆ.

ಇದು ಓಗಮ್. ಐರ್ಲೆಂಡಿನಲ್ಲಿ ಹುಟ್ಟಿ ಸಮುದ್ರ ದಾಟಿ ಬಂದ ಲಿಪಿ. ಇಷ್ಟು ಸರಳವಾದ ಲಿಪಿಯನ್ನು ನಾನು ಬೇರೆ ನೋಡಿಲ್ಲ. ನಡುವೆ ಒಂದು ಕಾಂಡ. ಕಾಂಡದ ಬಲಕ್ಕೆ ಒಂದರಿಂದ ಐದು ಗೀರಿನವರೆಗೆ ಐದು ಅಕ್ಷರ, ಎಡಕ್ಕೆ ಹಾಗೇ ಐದು, ಕಾಂಡವನ್ನು ಓರೆಯಾಗಿ ದಾಟಿದವು ಐದು, ನೆಟ್ಟಗೆ ದಾಟಿದವು ಐದು. ಕೊನೆಯ ಐದು ಸ್ವರಗಳು. ಐದು ನಾಲ್ಕಲಿ ಇಪ್ಪತ್ತು, ಮುಗಿಯಿತು. ಬಳಪ ಬೇಡ, ದುಂಡನೆ ಅಕ್ಷರ ತಿದ್ದುವುದು ಬೇಡ, ಕುರುಡನೂ ಬೆರಳಾಡಿಸಿ ಓದಬಹುದು. ಓದುವುದು ಕೆಳಗಿನಿಂದ ಮೇಲಕ್ಕೆ, ಗಿಡ ಬೆಳೆಯುವ ದಿಕ್ಕಿಗೆ.

ಬನ್ನಿ, ಒಟ್ಟಿಗೆ ಎಣಿಸೋಣ. ಟಾರ್ಚನ್ನು ಬುಡಕ್ಕೆ ತಂದಿದ್ದೇನೆ. ನೆಟ್ಟಗೆ ದಾಟಿದ ಐದು ಗೀರು: ಇ. ಓರೆಯಾಗಿ ದಾಟಿದ ಐದು: ರ್. ಒಂದೇ ಒಂದು, ನೆಟ್ಟಗೆ: ಅ. ಎಡಕ್ಕೆ ಮೂರು: ತ್. ಮತ್ತೆ ಒಂದು: ಅ. ಎಡಕ್ಕೆ ಎರಡು, ಸ್ವಲ್ಪ ತಡೆದು ಮತ್ತೆ ಎಡಕ್ಕೆ ಎರಡು: ದ್, ದ್. ಒತ್ತಕ್ಷರ! ಬೆಳಕು ಬಿರುಕೊಂದನ್ನು ದಾಟುವಾಗ ಕೈ ತಾನಾಗಿ ನಿಧಾನವಾಗುತ್ತದೆ. ನೆಟ್ಟಗೆ ಎರಡು: ಒ. ಒಂದು: ಅ. ಓರೆಯಾಗಿ ಐದು: ರ್. ನೆಟ್ಟಗೆ ನಾಲ್ಕು: ಎ. ಬಲಕ್ಕೆ ಐದು: ನ್. ಬಲಕ್ಕೆ ನಾಲ್ಕು: ಸ್.

ಹದಿಮೂರು ಅಕ್ಷರ. ಲಿಪಿಯ ಲೆಕ್ಕದಂತೆ ಕೂಡಿದರೆ ನಲವತ್ತು ಗೀರು. ಇರತದ್ದೊಅರೆನ್ಸ್.

ಇಂಗ್ಲಿಷಿನಲ್ಲಿ ಬರೆದಾಗ ತಡವರಿಸುವ ಈ ಉದ್ದನೆಯ ಸಾಲನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡಾಗ ಪ್ರತಿ ಸ್ವರಕ್ಕೂ ಕೂರಲು ಜಾಗ ಸಿಗುತ್ತದೆ, ಒತ್ತಿಗೆ ಒತ್ತು ಸಿಗುತ್ತದೆ. ಬಾಯಿಬಿಟ್ಟು ಹೇಳಿದೆ, ಮೆಲ್ಲಗೆ. ಅರ್ಥ? ಓಗಮ್ ಗೊತ್ತಿದ್ದ ಯಾರಾದರೂ ಓದಬಹುದು, ಈವರೆಗೆ ಎಲ್ಲರೂ ಒಪ್ಪುವ ಹಾಗೆ ಯಾರೂ ಬಿಡಿಸಿಲ್ಲ. ಪಿಕ್ಟರ ನಾಡಿನ ಓಗಮ್ ಬರಹಗಳಲ್ಲಿ ಹಲವು ಹೀಗೆಯೇ, ಬಾಯಿಗೆ ಸಿಕ್ಕುತ್ತವೆ, ಮನಸ್ಸಿಗೆ ಸಿಕ್ಕುವುದಿಲ್ಲ. ಇದನ್ನೇ ಹಿಡಿದು ಕೆನೆತ್ ಜಾಕ್ಸನ್ ಎಂಬ ದೊಡ್ಡ ವಿದ್ವಾಂಸರು 1955ರಲ್ಲಿ, ಇದು ಇಂಡೋ-ಯುರೋಪಿಯನ್ ಬಳಗಕ್ಕೇ ಸೇರದ ಹಳೆಯ ಭಾಷೆಯೊಂದರ ಉಳಿಕೆ ಎಂದರು. ಆ ಮಾತು ಬಹಳ ದಿನ ನಡೆಯಿತು, ಪಿಕ್ಟರ ಸುತ್ತ ನಿಗೂಢತೆಯ ಮಂಜು ದಟ್ಟವಾಯಿತು. ಸ್ಕಾಟ್ಲೆಂಡಿನ ಓಗಮ್ ಕಲ್ಲುಗಳನ್ನು ಒಂದೊಂದಾಗಿ ಗೀರು ಗೀರು ಪರೀಕ್ಷಿಸಿದ ಕ್ಯಾಥರಿನ್ ಫೋರ್ಸಿತ್ 1997ರಲ್ಲಿ ಅದನ್ನು ಅಲ್ಲಗಳೆದರು. ಕಲ್ಲು ಸವೆದಿದೆ, ಒಡೆದಿದೆ, ನಾವು ತಪ್ಪು ಓದಿರಬಹುದು, ಕಾಗುಣಿತದ ರೂಢಿ ನಮಗೆ ಹೊಸದು. ಅಷ್ಟಕ್ಕೇ ಭಾಷೆಯನ್ನು ಅನಾಥ ಎನ್ನಬೇಡಿ, ಅದು ವೇಲ್ಸಿನ ಭಾಷೆಯ ಬಳಗದ ಕೆಲ್ಟಿಕ್ ನುಡಿ ಎಂಬುದು ಅವರ ನಿಲುವು. ಅಬರ್, ಪಿಟ್‌ಗಳ ಸೀಮೆಗೆ ಬಂದವನಾಗಿ ನನಗೂ ಹಾಗೇ ತೋರುತ್ತದೆ. ಅರ್ಥವಾಗದ್ದನ್ನೆಲ್ಲ ಮಂತ್ರ ಎಂದುಬಿಡುವುದು ಆ ಜನರಿಗೆ ಮಾಡುವ ಅನ್ಯಾಯ.

ಈ ಹದಿಮೂರು ಅಕ್ಷರದ ನಡುವಿನಲ್ಲಿ ‘ಅದ್ದೊಅರೆನ್’ ಎಂಬ ತುಂಡಿದೆಯಲ್ಲ, ಅದು ಒಂದು ಹೆಸರು ಎಂದು ಕೆಲವರ ಊಹೆ. ಫೈಫ್ ಸೀಮೆಯ ಸ್ಕೂನಿಯಲ್ಲಿ ಸಿಕ್ಕ, ಈಗ ಎಡಿನ್‌ಬರೋದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿರುವ ಜಿಂಕೆ ಬೇಟೆಯ ಕಲ್ಲಿನ ಮೇಲೆ ಓಗಮ್‌ನಲ್ಲೇ ‘ಎದ್ದರ್ರ್‌ನೊನ್ನ್’ ಎಂದಿದೆ. ಎರಡೂ ಎಥರ್ನನ್ ಎಂಬ ಸಂತನ ಹೆಸರಿನ ರೂಪಗಳಿರಬಹುದು. ಫೋರ್ತ್ ಕೊಲ್ಲಿಯ ಬಾಯಲ್ಲಿರುವ ಮೇ ದ್ವೀಪದಲ್ಲಿ ಅವನ ನೆನಪಿಗೆ ನೂರಾರು ವರ್ಷ ಯಾತ್ರಿಕರು ದೋಣಿಯೇರಿ ಹೋಗುತ್ತಿದ್ದರು. ಐರ್ಲೆಂಡಿನ ಅಲ್‌ಸ್ಟರ್ ದಿನಚರಿ 669ನೆಯ ವರ್ಷದಡಿ, ಇತರ್ನನ್ ಎಂಬವನು ಪಿಕ್ಟರ ನಡುವೆ ತೀರಿಕೊಂಡ ಎಂದು ಒಂದೇ ಸಾಲಿನಲ್ಲಿ ಬರೆದುಕೊಂಡಿದೆ. ಅವನೇ ಇವನಾದರೆ, ಹಾವು-ಚಂದ್ರರ ಪಕ್ಕದಲ್ಲಿ ಒಬ್ಬ ಸನ್ಯಾಸಿಯ ಹೆಸರು. ಹಳೆಯ ಗುರುತು, ಹೊಸ ಲಿಪಿ, ಹೊಸ ದೇವರು, ಎಲ್ಲ ಒಂದೇ ಬಂಡೆಯ ಮೇಲೆ ಮೈ ತಾಗಿಸಿಕೊಂಡು.

ಟಾರ್ಚಿನ ಬೆಳಕಿನಲ್ಲಿ ಹುಳುಗಳು ಕುಣಿಯತೊಡಗಿವೆ. ಕಲ್ಲುಹೂವು ಅಲ್ಲಲ್ಲಿ ಬಿಳಿ, ಅಲ್ಲಲ್ಲಿ ಸಾಸಿವೆ ಬಣ್ಣ. ಅದನ್ನು ಉಜ್ಜಿ ತೆಗೆಯಬಾರದು. ಚೆನ್ನಾಗಿ ಕಾಣಲೆಂದು ಗೆರೆಗಳಿಗೆ ಸೀಮೆಸುಣ್ಣ ತುಂಬುವ ಹಳೆಯ ಅಭ್ಯಾಸವೂ ಈಗ ಸಲ್ಲದು. ಬೆರಳು ಚಾಚಿದವನು ಹಾಗೇ ಹಿಂದಕ್ಕೆ ಎಳೆದುಕೊಂಡೆ.

ಹಿಂದೆ ಹೆಜ್ಜೆ ಸಪ್ಪಳ. ನಾಯಿಯನ್ನು ರಾತ್ರಿಯ ಸುತ್ತಿಗೆ ಕರೆತಂದ ಹಿರಿಯರೊಬ್ಬರು ಹುಲ್ಲಿನ ಅಂಚಿನಲ್ಲಿ ನಿಂತಿದ್ದಾರೆ. ‘ಫಿಟ್ ಲೈಕ್?’ ಎಂದರು. ಹೇಗಿದ್ದೀರಿ ಎನ್ನಲು ಈ ಸೀಮೆಯ ಡೋರಿಕ್ ಮಾತು ಅದು. ನಗರದ ಶಾಲೆಗಳು ಇಂಥ ಮಾತನ್ನು ತಿದ್ದಲು ಎಷ್ಟೋ ಕಾಲ ಹೆಣಗಿದ್ದುಂಟು, ಆದರೂ ಹೊಲಗಳಲ್ಲಿ, ಸಂತೆಯಲ್ಲಿ, ಇಂಥ ಸಂಜೆಗಳಲ್ಲಿ ಉಳಿದುಕೊಂಡಿದೆ. ಮೂವತ್ತು ವರ್ಷದಿಂದ ಇದೇ ಬೀದಿಯಲ್ಲಿದ್ದಾರಂತೆ, ಕಲ್ಲಿನ ಪಕ್ಕದಲ್ಲೇ ದಿನಕ್ಕೆರಡು ಸಲ ಹಾಯುತ್ತಾರಂತೆ. ಹಾವು ಗೊತ್ತು, ಗೀರುಗಳೂ ಗೊತ್ತು. ಅದು ಏನು ಹೇಳುತ್ತದೆ ಎಂದು ಕೇಳಿದರು.

ಅರ್ಥ ಗೊತ್ತಿಲ್ಲ, ಹೇಳಲು ಮಾತ್ರ ಬರುತ್ತದೆ ಎಂದೆ. ಟಾರ್ಚನ್ನು ಮತ್ತೆ ಬುಡಕ್ಕೆ ತಂದು, ಗೀರಿನಿಂದ ಗೀರಿಗೆ ಏರಿಸುತ್ತ, ಒಂದೊಂದೇ ಅಕ್ಷರ ಹೇಳಿದೆ. ಅವರು ಟೋಪಿ ಹಿಂದೆ ಸರಿಸಿ, ಸೊಂಟ ಬಗ್ಗಿಸಿ, ಗೀರುಗಳನ್ನು ನೋಡುತ್ತಲೇ ನನ್ನ ಹಿಂದೆ ತಾವೂ ಹೇಳಿದರು. ನನ್ನ ಬಾಯಲ್ಲಿ ಸಪ್ಪೆಯಾಗಿ ಬಿದ್ದಿದ್ದ ಆ ಎರಡು ‘ರ’ಗಳು ಅವರ ನಾಲಗೆಯ ಮೇಲೆ ಹೊಳೆಯ ಗುಂಡುಕಲ್ಲಿನ ಹಾಗೆ ಉರುಳಿದವು. ಮತ್ತೊಮ್ಮೆ ಹೇಳಿದರು, ಈ ಸಲ ನನ್ನ ಸಹಾಯವಿಲ್ಲದೆ. ನಾಯಿ ಹಗ್ಗ ಜಗ್ಗಿತು. ಒಳ್ಳೆಯ ರಾತ್ರಿಯಾಗಲಿ ಎಂದು ಕೈಯೆತ್ತಿ ಹೊರಟರು.

ಟಾರ್ಚು ಆರಿಸಿದೆ. ಉತ್ತರದ ಅಂಚಿನಲ್ಲಿ ಬೆಳಕಿನ ಒಂದು ಎಳೆ ಇನ್ನೂ ಇತ್ತು. ಹಾವು, ಚಂದ್ರ, ಗೀರುಗಳೆಲ್ಲ ಬಂಡೆಯೊಳಕ್ಕೆ ಹಿಂದಿರುಗಿದವು. ಬೀದಿಯ ತಿರುವಿನಿಂದ ನಾಯಿಯ ಕೊರಳ ಪಟ್ಟಿಯ ಕಿಣಿಕಿಣಿ, ಅದರ ಜೊತೆಗೇ, ನಾಯಿಗೆ ಹೇಳಿಕೊಡುತ್ತಿರುವ ಹಾಗೆ, ಬಿಡಿಸಿ ಬಿಡಿಸಿ ಆ ಹೆಸರು ಇನ್ನೊಂದು ಸಲ ಕೇಳಿಸಿತು.